ಮೂಡ್ ಡಿಸಾರ್ಡರ್ ಚಿಕಿತ್ಸೆ: ಗೆರೆ ಎಳೆದ ಹಾಳೆಯಿಂದ ಲಿಥಿಯಂ ಲೆಕ್ಕದವರೆಗೆ

ಖಿನ್ನತೆ ಎಂದು ಬಂದವರನ್ನು ಮೊದಲ ಸಲ ನೋಡುವಾಗ ನಾನು ಮುಕ್ಕಾಲು ಗಂಟೆ ಇಟ್ಟುಕೊಳ್ಳುತ್ತೇನೆ. ಈಗಿನ ಖಿನ್ನತೆಯನ್ನು ವಿಚಾರಿಸಲು ಹದಿನೈದು ನಿಮಿಷ ಸಾಕು. ಉಳಿದ ಅರ್ಧ ಗಂಟೆ ಹಿಂದಿನ ವರ್ಷಗಳಿಗೆ. ಖಿನ್ನತೆ, ಬೈಪೋಲಾರ್ (ಒಮ್ಮೆ ಖಿನ್ನತೆ, ಒಮ್ಮೆ ಮನಸ್ಸು ವಿಪರೀತ ಏರುವ ಮೇನಿಯಾ ಬರುವ ಕಾಯಿಲೆ) ಈ ಎರಡನ್ನೇ ಹೆಚ್ಚಾಗಿ ನೋಡುವ ಮನೋವೈದ್ಯರ ಕೆಲಸವೆಲ್ಲ ನಿಂತಿರುವುದು ಆ ಅರ್ಧ ಗಂಟೆಯ ಮೇಲೆ. ಬರೀ ಖಿನ್ನತೆಯವರೂ ಬೈಪೋಲಾರ್‌ನ ಖಿನ್ನತೆಯಲ್ಲಿ ಇರುವವರೂ ಎದುರಿಗೆ ಬಂದು ಕೂತಾಗ ಒಂದೇ ಥರ ಕಾಣುತ್ತಾರೆ. ಬಗ್ಗಿದ ತಲೆ, ನಿಧಾನ ಮಾತು, "ಏನೂ ಬೇಡ ಅನ್ನಿಸುತ್ತೆ" ಎಂಬ ಅದೇ ವಾಕ್ಯ. ಇಬ್ಬರನ್ನೂ ಬೇರೆ ಮಾಡಿ ತೋರಿಸುವುದು ಹಿಂದಿನ ಹತ್ತು ಹದಿನೈದು ವರ್ಷಗಳು ಮಾತ್ರ. ಬೇರೆ ಮಾಡದೆ ಖಿನ್ನತೆಯ ಮಾತ್ರೆಯೊಂದನ್ನೇ ಬರೆದುಕೊಟ್ಟರೆ ಬೈಪೋಲಾರ್ ಇರುವ ಕೆಲವರಲ್ಲಿ ಮೂರು ನಾಲ್ಕು ವಾರದಲ್ಲೇ ಮೇನಿಯಾ ಎದ್ದು ಕೂರುತ್ತದೆ.

ಈ ದಾರಿಗೆ ಬರಬೇಕು ಅಂದುಕೊಂಡಿರುವ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಓದಿನ ವಿಚಾರವನ್ನು ಮೊದಲೇ ಹೇಳಿ ಮುಗಿಸುತ್ತೇನೆ. ನಾಲ್ಕೂವರೆ ವರ್ಷ ಎಂಬಿಬಿಎಸ್, ಒಂದು ವರ್ಷ ಇಂಟರ್ನ್‌ಶಿಪ್, ಆಮೇಲೆ ಮೂರು ವರ್ಷ ಮನೋವೈದ್ಯಕೀಯದಲ್ಲಿ ಎಂಡಿ ಅಥವಾ ಡಿಎನ್‌ಬಿ. ಇದಕ್ಕೆ ನೀಟ್ ಪಿಜಿ ಬರೆಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ಗೆ ಐಎನ್ಐ-ಸೆಟ್ ಎಂಬ ಬೇರೆ ಪ್ರವೇಶ ಪರೀಕ್ಷೆ. ಮಕ್ಕಳ ಮನೋವೈದ್ಯಕೀಯ, ವ್ಯಸನ, ವೃದ್ಧರ ಮನೋವೈದ್ಯಕೀಯಕ್ಕೆ ಡಿಎಂ ಕೋರ್ಸುಗಳಿವೆ. ಮೂಡ್ ಡಿಸಾರ್ಡರ್‌ಗೆ ಅಂಥ ಪ್ರತ್ಯೇಕ ಡಿಎಂ ಇಲ್ಲ, ಇದರಲ್ಲಿ ಪರಿಣತಿ ರೋಗಿಗಳ ಜೊತೆಯಲ್ಲೇ ಬೆಳೆಯಬೇಕು. ಎಂಡಿಯಲ್ಲಿ ಒಂದು ತೊಡಕಿದೆ. ಮೂರು ಅಥವಾ ಆರು ತಿಂಗಳಿಗೊಮ್ಮೆ ಪೋಸ್ಟಿಂಗ್ ಬದಲಾಗುತ್ತದೆ. ಹಾಗಾಗಿ ಕಲಿಯುವವರು ಕಾಯಿಲೆಯ ಒಂದೊಂದು ಸರದಿ (ಒಂದು ಸಲ ಬಂದು ಇಳಿಯುವುದು) ನೋಡುತ್ತಾರೆಯೇ ಹೊರತು ಕಾಯಿಲೆಯ ಓಟ ನೋಡುವುದಿಲ್ಲ. ಮೊದಲ ವರ್ಷದಲ್ಲೇ ಇಪ್ಪತ್ತು ಮೂವತ್ತು ಜನ ರೋಗಿಗಳನ್ನು ಗುರುತು ಹಾಕಿಕೊಳ್ಳಿ. ಯಾವ ಯೂನಿಟ್‌ನಲ್ಲಿದ್ದರೂ ಅವರು ಓಪಿಡಿಗೆ ಬಂದ ದಿನ ಹೋಗಿ ನೋಡಿ. ಮೂರು ವರ್ಷ ಹೀಗೆ ಮಾಡಿದವರಿಗೆ ಸಿಗುವ ತಿಳಿವು ಎಷ್ಟು ಪುಸ್ತಕ ಓದಿದರೂ ಸಿಗುವುದಿಲ್ಲ.

ನಮ್ಮ ಜನ ಖಿನ್ನತೆ ಎಂಬ ಪದ ಹಿಡಿದುಕೊಂಡು ಬರುವುದು ಕಡಿಮೆ. ಸುಸ್ತು, ಮೈಕೈ ನೋವು, ಎದೆ ಭಾರ, ತಲೆ ಹಿಡಿದುಕೊಂಡ ಹಾಗೆ, ಗ್ಯಾಸ್ಟ್ರಿಕ್, ಹಸಿವಿಲ್ಲ. ಧಾರವಾಡ ಕಡೆಯವರಾದರೆ "ಬ್ಯಾಸರ ಆಗೇತಿ" ಎನ್ನುತ್ತಾರೆ. ಅಷ್ಟರಲ್ಲಿ ಎಂಡೋಸ್ಕೋಪಿ ಆಗಿರುತ್ತದೆ, ತಲೆಯ ಸ್ಕ್ಯಾನ್ ಆಗಿರುತ್ತದೆ. ಅವರ ಮಾತನ್ನು ತಳ್ಳಿಹಾಕದೆ ನೋವಿನಿಂದಲೇ ಶುರು ಮಾಡುತ್ತೇನೆ. ದಿನದ ಯಾವ ಹೊತ್ತಿನಲ್ಲಿ ಜಾಸ್ತಿ? ಬೆಳಗಿನ ಜಾವ ಎರಡು ಮೂರಕ್ಕೇ ಎಚ್ಚರವಾಗಿ ಮತ್ತೆ ನಿದ್ದೆ ಹತ್ತದೆ, ಬೆಳಿಗ್ಗೆ ಎಲ್ಲವೂ ಭಾರವಾಗಿ, ಸಂಜೆ ಹೊತ್ತಿಗೆ ಸ್ವಲ್ಪ ಹಗುರಾಗುವುದಾದರೆ ಅದು ತೀವ್ರ ಖಿನ್ನತೆಯ ಗುರುತು. ಇದು ಎರಡು ವಾರ ಎಡೆಬಿಡದೆ ಇದೆಯೇ ಎಂಬುದು ಮುಂದಿನ ಪ್ರಶ್ನೆ. ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ಕನ್ನಡದಲ್ಲಿ ಓದಿ ಹೇಳಿ ಅಂಕ ಹಾಕುತ್ತೇನೆ. ಒಟ್ಟು 27ರಲ್ಲಿ 10 ಮುಟ್ಟಿದರೆ ಮಧ್ಯಮ, 20 ಮುಟ್ಟಿದರೆ ತೀವ್ರ. ಕಾಯಿಲೆಯನ್ನು ಈ ಅಂಕದಿಂದ ತೀರ್ಮಾನಿಸಬಾರದು. ತಿಂಗಳು ಬಿಟ್ಟು ಬಂದಾಗ "ಅಷ್ಟೇ ಇದೆ ಡಾಕ್ಟ್ರೇ" ಎನ್ನುವವರ ಅಂಕ 21ರಿಂದ 13ಕ್ಕೆ ಇಳಿದಿರುತ್ತದಲ್ಲ, ಅದನ್ನು ಅವರಿಗೇ ತೋರಿಸಲು ಇದು ಬೇಕು.

ಇನ್ನು ಮೇನಿಯಾ ಹುಡುಕುವ ಕೆಲಸ. ಖುಷಿ ಜಾಸ್ತಿಯಾಗಿದೆ ಎಂದು ಯಾರೂ ಆಸ್ಪತ್ರೆಗೆ ಬರುವುದಿಲ್ಲ. "ಹಿಂದೆ ಯಾವಾಗಾದರೂ ತುಂಬಾ ಖುಷಿಯಾಗಿದ್ರಾ?" ಎಂದು ಕೇಳಿದರೆ ಪ್ರಯೋಜನವಿಲ್ಲ, ಖಿನ್ನತೆಯಲ್ಲಿರುವವರಿಗೆ ಖುಷಿಯ ನೆನಪೇ ಇರುವುದಿಲ್ಲ. ನಾನು ನಿದ್ದೆಯಿಂದ ಕೇಳುತ್ತೇನೆ, ಅದಕ್ಕೆ ಕನ್ನಡದಲ್ಲಿ ಒಂದು ಒಳ್ಳೆಯ ಅನುಕೂಲವಿದೆ: "ನಿದ್ದೆ ಬರ್ತಿರಲಿಲ್ವಾ, ನಿದ್ದೆ ಬೇಕಾಗ್ತಿರಲಿಲ್ವಾ?" ನಿದ್ದೆ ಬರದವರು ಮರುದಿನ ಹೆಣದಂತೆ ಬಿದ್ದಿರುತ್ತಾರೆ. ನಿದ್ದೆ ಬೇಡವಾದವರು ಮೂರು ಗಂಟೆ ಮಲಗಿ, ಬೆಳಗಿನ ಜಾವ ಎದ್ದು, ಅಂಗಳ ತೊಳೆದು, ಬೀರು ಖಾಲಿ ಮಾಡಿ ಮತ್ತೆ ಜೋಡಿಸಿ, ಆರು ಗಂಟೆಗೆ ನೆಂಟರಿಗೆಲ್ಲ ಫೋನ್ ಹಚ್ಚಿರುತ್ತಾರೆ. ಅಂಥ ದಿನಗಳು ಒಟ್ಟಿಗೆ ನಾಲ್ಕು ದಿನ ಇದ್ದರೆ ಹೈಪೋಮೇನಿಯಾ (ಮೇನಿಯಾದ ಸೌಮ್ಯ ರೂಪ) ಎಂದು ಯೋಚಿಸಬೇಕು. ಒಂದು ವಾರ ಇದ್ದರೆ, ಅಥವಾ ಆಸ್ಪತ್ರೆಗೆ ಸೇರಿಸುವಷ್ಟು ಜೋರಾಗಿದ್ದರೆ ಮೇನಿಯಾ.

ಈ ಪ್ರಶ್ನೆಗಳನ್ನು ರೋಗಿಯ ಒಪ್ಪಿಗೆ ಪಡೆದು ಮನೆಯವರಿಗೂ ಕೇಳಬೇಕು. "ಇವರು ಇವರಂತೆ ಇರಲಿಲ್ಲ ಅನ್ನಿಸಿದ ದಿನಗಳು ಇದ್ವಾ? ಬೇಡದ ಸಾಮಾನು ತಂದ್ರಾ? ಕೇಳಿದವರಿಗೆಲ್ಲ ದುಡ್ಡು ಕೊಟ್ರಾ? ಸಣ್ಣ ಮಾತಿಗೆ ಜಗಳಕ್ಕೆ ಹೋಗ್ತಿದ್ರಾ?" ಮೇನಿಯಾದಲ್ಲಿ ಖುಷಿಗಿಂತ ಸಿಟ್ಟೇ ಎದ್ದು ಕಾಣುವುದು ಎಷ್ಟೋ ಸಲ. ಮನೆಯಲ್ಲಿ ಇದಕ್ಕೆ ಬೇರೆ ಹೆಸರುಗಳು ಇರುತ್ತವೆ. ಮೈಮೇಲೆ ದೇವರು ಬಂದಿತ್ತು, ಗಾಳಿ ಸೋಕಿತ್ತು, ತಲೆಗೆ ಉಷ್ಣ ಏರಿತ್ತು. ಹೆಸರನ್ನು ತಿದ್ದಲು ಹೋಗುವುದಿಲ್ಲ. ಎಷ್ಟು ದಿನ ಇತ್ತು, ಆಗ ನಿದ್ದೆ ಎಷ್ಟು, ಹೇಗೆ ಇಳಿಯಿತು, ಈ ಮೂರನ್ನು ಕೇಳಿ ಬರೆದುಕೊಳ್ಳುತ್ತೇನೆ.

ಬರೆದುಕೊಳ್ಳುವುದು ಒಂದು ಹಾಳೆಯ ಮೇಲೆ. ಎ4 ಹಾಳೆಯನ್ನು ಅಡ್ಡಲಾಗಿಟ್ಟು ನಡುವೆ ಒಂದು ಗೆರೆ. ಗೆರೆಯ ಮೇಲೆ ಮೇನಿಯಾ, ಕೆಳಗೆ ಖಿನ್ನತೆ. ಎತ್ತರ ಎಂದರೆ ತೀವ್ರತೆ: ಕೆಲಸ ನಡೆಯುತ್ತಿತ್ತು ಎಂದಾದರೆ ಒಂದು ಬೆರಳು, ಕೆಲಸ ನಿಂತಿತು ಎಂದಾದರೆ ಎರಡು, ಆಸ್ಪತ್ರೆ ಸೇರಿದ್ದರೆ ಮೂರು. ಗೆರೆಯ ಉದ್ದಕ್ಕೂ ವರ್ಷಗಳು. ಯಾರಿಗೂ ತಾರೀಖು ನೆನಪಿರುವುದಿಲ್ಲ, ಊರಿನ ಮತ್ತು ಮನೆಯ ಘಟನೆಗಳು ನೆನಪಿರುತ್ತವೆ. ಎಸ್ಎಸ್ಎಲ್‌ಸಿ ಪರೀಕ್ಷೆ, ತಂಗಿಯ ಮದುವೆ, ಊರಿನ ಜಾತ್ರೆ, ಮೊದಲ ಹೆರಿಗೆ, ಕೊಯ್ಲಿನ ಮುಂಚೆಯೋ ಆಮೇಲೆಯೋ, 2020ರ ಲಾಕ್‌ಡೌನ್. ಮೊದಲು ಈ ಗೂಟಗಳನ್ನು ನೆಟ್ಟು, ಆಮೇಲೆ ಒಂದೊಂದು ಸರದಿಯನ್ನು ಅವುಗಳ ನಡುವೆ ಕೂರಿಸಬೇಕು. ಗೆರೆಯ ಅಡಿಯಲ್ಲಿ ಆಗ ತೆಗೆದುಕೊಂಡ ಮಾತ್ರೆ, ಎಷ್ಟು ದಿನ, ಬಿಟ್ಟದ್ದು ಯಾಕೆ.

ಒಂದು ಮಾದರಿ ಹಾಳೆ ನೋಡಿ. ವಯಸ್ಸು 32, ಹೆಂಗಸು, ಎರಡು ತಿಂಗಳಿಂದ ಖಿನ್ನತೆ. ಹಾಳೆಯ ಮೇಲೆ: 19ರಲ್ಲಿ ಪರೀಕ್ಷೆಗೆ ಮುಂಚೆ ಎರಡು ತಿಂಗಳು ಕೆಳಗೆ, ಔಷಧ ಇಲ್ಲ. 24ರಲ್ಲಿ ಹೆರಿಗೆಯಾದ ಐದನೇ ದಿನದಿಂದ ನಿದ್ದೆಯಿಲ್ಲ, ಹಾಡು, ಪೂಜೆ, ಸಿಟ್ಟು. ಆರು ವಾರದಲ್ಲಿ ಇಳಿಯಿತು, ಮನೆಯವರ ಪಾಲಿಗೆ ಅದು ಬಾಣಂತಿ ಸನ್ನಿ. 28ರಲ್ಲಿ ನಾಲ್ಕು ತಿಂಗಳು ಕೆಳಗೆ, ಖಿನ್ನತೆಯ ಮಾತ್ರೆ ಎಸಿಟಾಲೊಪ್ರಾಮ್ 10 ಮಿಗ್ರಾಂ. ಮೂರನೇ ವಾರದಿಂದ ವಿಪರೀತ ಮಾತು, ಚೀಟಿ ದುಡ್ಡಿನಲ್ಲಿ ಒಡವೆ. ಮಾತ್ರೆ ಬಿಟ್ಟ ಮೇಲೆ ತಣ್ಣಗೆ. ಬಾಯಲ್ಲಿ ಕೇಳಿದಾಗ ಇದು "ಮೂರು ಸಲ ಖಿನ್ನತೆ ಬಂದಿದೆ" ಎಂಬ ಕಥೆ. ಹಾಳೆಯಲ್ಲಿ ಗೆರೆಯ ಮೇಲೆ ಎರಡು ಗುಡ್ಡಗಳಿವೆ. ಇವರಿಗೆ ಖಿನ್ನತೆಯ ಮಾತ್ರೆಯೊಂದನ್ನೇ ಮತ್ತೆ ಬರೆಯಬಾರದು, ಮುಂದಿನ ಬಸಿರು ಬಾಣಂತನಕ್ಕೆ ಮೊದಲೇ ತಯಾರಿ ಬೇಕು, ಬೈಪೋಲಾರ್ ಮರುಕಳಿಸದಂತೆ ತಡೆಯುವ ಲಿಥಿಯಂ ಬಗ್ಗೆ ಇವತ್ತೇ ಮಾತಾಡಬೇಕು.

ಮೇಲೆ ಗುಡ್ಡ ಕಾಣದಿದ್ದರೂ ಅನುಮಾನ ಉಳಿಸಿಕೊಳ್ಳಬೇಕಾದ ಗುರುತುಗಳಿವೆ: 25ಕ್ಕೆ ಮುಂಚೆ ಶುರುವಾದ, ಪದೇಪದೇ ಮರುಕಳಿಸುವ ಖಿನ್ನತೆ, ಜೊತೆಗೆ ಕಿವಿಯಲ್ಲಿ ದನಿ ಕೇಳುವುದು ಅಥವಾ ವಿಪರೀತ ಪಾಪಪ್ರಜ್ಞೆ, ಹೆರಿಗೆಯ ನಂತರದ ಸರದಿ, ಅಪ್ಪ ಅಮ್ಮ ಅಣ್ಣ ತಮ್ಮಂದಿರಲ್ಲಿ ಬೈಪೋಲಾರ್.

ಹಾಳೆ ಮುಗಿದ ಮೇಲೆ ದೇಹದ ಕಾರಣಗಳು. ಥೈರಾಯ್ಡ್‌ಗೆ ಟಿಎಸ್ಎಚ್, ಹಿಮೋಗ್ಲೋಬಿನ್, ಸಕ್ಕರೆ, ವಿಟಮಿನ್ ಬಿ12. ಮಾಂಸ ತಿನ್ನದವರಲ್ಲಿ ಬಿ12 ಮರೆಯಲೇಬಾರದು. ಕುಡಿತದ ಲೆಕ್ಕ. ಉಬ್ಬಸಕ್ಕೋ ಕೀಲುನೋವಿಗೋ ತೆಗೆದುಕೊಂಡ ಸ್ಟಿರಾಯ್ಡ್ ಮೇನಿಯಾ ಎಬ್ಬಿಸಬಲ್ಲದು. ಐವತ್ತು ದಾಟಿದ ಮೇಲೆ ಮೊಟ್ಟಮೊದಲ ಸಲ ಮೇನಿಯಾ ಬಂದರೆ ಮಿದುಳಿನ ಸ್ಕ್ಯಾನ್ ಮಾಡಿಸದೆ ಮುಂದೆ ಹೋಗುವುದಿಲ್ಲ.

ಈಗ ಲಿಥಿಯಂ. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಮೇನಿಯಾಕ್ಕೆ ಇದನ್ನು ಕೊಟ್ಟು ಫಲ ಕಂಡು ಬರೆದರು. ಡೆನ್ಮಾರ್ಕಿನ ಮೊಗೆನ್ಸ್ ಶೌ ಅದನ್ನು ಸರಿಯಾದ ಪರೀಕ್ಷೆಗೆ ಒಡ್ಡಿದರು. ಇಷ್ಟು ಹಳೆಯ ಔಷಧವಾದರೂ ಬೈಪೋಲಾರ್ ಮರುಕಳಿಸದಂತೆ ತಡೆಯುವುದರಲ್ಲಿ, ಆತ್ಮಹತ್ಯೆಯ ಸಾಧ್ಯತೆ ತಗ್ಗಿಸುವುದರಲ್ಲಿ ಇದಕ್ಕೆ ಸಮನಾದದ್ದು ಇನ್ನೂ ಬಂದಿಲ್ಲ ಎಂದೇ ನನ್ನ ಅಭಿಪ್ರಾಯ. ಆದರೂ ಇದನ್ನು ಬರೆಯುವವರು ಕಡಿಮೆಯಾಗುತ್ತಿದ್ದಾರೆ, ಕಾರಣ ರಕ್ತಪರೀಕ್ಷೆಯ ತಲೆನೋವು. ಆ ತಲೆನೋವು ತಪ್ಪಿಸಿಕೊಳ್ಳಲು ಬೈಪೋಲಾರ್‌ಗೆ ಕೊಡುವ ಇನ್ನೊಂದು ಔಷಧ ವಾಲ್ಪ್ರೊಯೇಟ್ ಬರೆದುಬಿಡುತ್ತಾರೆ, ಮದುವೆಯ ವಯಸ್ಸಿನ ಹೆಣ್ಣುಮಕ್ಕಳಿಗೂ. ಇದು ನನಗೆ ನಿಜವಾಗಿ ಸಂಕಟದ ವಿಷಯ. ಬಸಿರಿನಲ್ಲಿ ವಾಲ್ಪ್ರೊಯೇಟ್ ಹೊಟ್ಟೆಗೆ ಹೋದರೆ ನೂರರಲ್ಲಿ ಸುಮಾರು ಹತ್ತು ಮಕ್ಕಳಿಗೆ ಅಂಗವೈಕಲ್ಯ, ಮೂವತ್ತರಿಂದ ನಲವತ್ತು ಮಕ್ಕಳಿಗೆ ಬುದ್ಧಿಯ ಬೆಳವಣಿಗೆಯಲ್ಲಿ ತೊಂದರೆ. ಮಕ್ಕಳಾಗುವ ವಯಸ್ಸಿನವರಿಗೆ ಬೇರೆ ದಾರಿ ಇರುವಾಗ ಅದನ್ನು ಕೊಡಬಾರದು.

ಲಿಥಿಯಂ ಶುರು ಮಾಡುವ ಮುಂಚೆ ಮೂತ್ರಪಿಂಡದ ಕೆಲಸ ತೋರಿಸುವ ಕ್ರಿಯಾಟಿನಿನ್ ಮತ್ತು ಇಜಿಎಫ್ಆರ್, ಸೋಡಿಯಂ ಪೊಟ್ಯಾಸಿಯಂ, ಟಿಎಸ್ಎಚ್, ಕ್ಯಾಲ್ಸಿಯಂ, ತೂಕ, ಹೆಂಗಸರಿಗೆ ಗರ್ಭಪರೀಕ್ಷೆ, ನಲವತ್ತು ದಾಟಿದವರಿಗೆ ಅಥವಾ ಹೃದಯದ ತೊಂದರೆ ಇರುವವರಿಗೆ ಇಸಿಜಿ. ಆರೋಗ್ಯವಂತ ವಯಸ್ಕರಿಗೆ 300 ಮಿಗ್ರಾಂನ ಎರಡು ಮಾತ್ರೆ ರಾತ್ರಿ ಊಟವಾದ ಮೇಲೆ. ಮೂರು ನಾಲ್ಕು ದಿನದಲ್ಲಿ ಮೂರಕ್ಕೆ. ವಯಸ್ಸಾದವರಿಗೆ ಒಂದೋ ಅರ್ಧವೋ. ಸಾಧ್ಯವಾದಷ್ಟು ರಾತ್ರಿ ಒಂದೇ ಹೊತ್ತು ಕೊಡುತ್ತೇನೆ. ಮೂತ್ರದ ತೊಂದರೆ ಕಡಿಮೆ, ಮರೆಯುವುದೂ ಕಡಿಮೆ. ನಿಧಾನವಾಗಿ ಬಿಡುವ ಎಸ್ಆರ್ ಮಾತ್ರೆಯಾದರೆ ಪುಡಿ ಮಾಡಬಾರದು, ಅಗಿಯಬಾರದು.

ಪ್ರಮಾಣ ಬದಲಿಸಿದ ಐದರಿಂದ ಏಳು ದಿನಕ್ಕೆ ರಕ್ತದ ಮಟ್ಟ. ಹೆಚ್ಚಿನ ತಪ್ಪುಗಳು ಆಗುವುದು ಈ ಪರೀಕ್ಷೆಯಲ್ಲೇ, ಹಾಗಾಗಿ ಚೀಟಿಯ ಹಿಂದೆ ಕನ್ನಡದಲ್ಲಿ ಬರೆದುಕೊಡುತ್ತೇನೆ: "ರಾತ್ರಿ 9ಕ್ಕೆ ಮಾತ್ರೆ. ಬೆಳಿಗ್ಗೆ 9ಕ್ಕೆ ರಕ್ತ. ಬೆಳಗಿನ ಮಾತ್ರೆ ಇದ್ದರೆ ರಕ್ತ ಕೊಟ್ಟ ಮೇಲೆ. ಖಾಲಿ ಹೊಟ್ಟೆ ಬೇಕಿಲ್ಲ. ಹಸಿರು ಮುಚ್ಚಳದ ಟ್ಯೂಬ್ ಬೇಡ." ಹನ್ನೆರಡು ಗಂಟೆಯ ಅಂತರ ಯಾಕೆಂದರೆ ನಮ್ಮಲ್ಲಿರುವ ಎಲ್ಲ ಅಂಕಿಗಳೂ ಆ ಅಂತರದಲ್ಲಿ ತೆಗೆದವು. ಬೆಳಗಿನ ಮಾತ್ರೆ ನುಂಗಿ ಹತ್ತು ಗಂಟೆಗೆ ರಕ್ತ ಕೊಟ್ಟವರ ಮಟ್ಟ ಸುಳ್ಳೇ ಏರಿರುತ್ತದೆ. ಅದನ್ನು ನಂಬಿ ಪ್ರಮಾಣ ಇಳಿಸಿದರೆ ಎರಡು ತಿಂಗಳಲ್ಲಿ ಮೇನಿಯಾ. ಹಸಿರು ಮುಚ್ಚಳದ ಟ್ಯೂಬಿನ ಕಥೆ ಇನ್ನೂ ಕೆಟ್ಟದ್ದು. ಅದರೊಳಗೆ ರಕ್ತ ಹೆಪ್ಪುಗಟ್ಟದಿರಲೆಂದು ಹಾಕಿರುವುದು ಲಿಥಿಯಂ ಹೆಪಾರಿನ್ ಆಗಿದ್ದರೆ ಟ್ಯೂಬಿನ ಲಿಥಿಯಂ ರಕ್ತದ ಲೆಕ್ಕಕ್ಕೆ ಸೇರಿಬಿಡುತ್ತದೆ, ಚೆನ್ನಾಗಿ ಓಡಾಡಿಕೊಂಡಿರುವವರಿಗೆ ವಿಷಮಟ್ಟದ ವರದಿ ಬರುತ್ತದೆ. ವರದಿ 2 ಎನ್ನುತ್ತಿದೆ, ಎದುರಿಗಿರುವವರ ಕೈ ನಡುಗುತ್ತಿಲ್ಲ, ನಡಿಗೆ ನೆಟ್ಟಗಿದೆ ಎಂದಾದರೆ ಮೊದಲು ಲ್ಯಾಬ್‌ಗೆ ಫೋನ್ ಮಾಡಿ ಟ್ಯೂಬಿನ ಬಣ್ಣ ಕೇಳಿ.

ಮಟ್ಟ ಎಷ್ಟಿರಬೇಕು? ಮರುಕಳಿಸದಂತೆ ತಡೆಯಲು ಲೀಟರಿಗೆ 0.6ರಿಂದ 0.8 ಮಿಲಿಮೋಲ್. ಮೇನಿಯಾ ಜೋರಾಗಿರುವಾಗ 0.8ರಿಂದ 1.0. ವಯಸ್ಸಾದವರಿಗೆ 0.4ರಿಂದ 0.6 ಸಾಕು. ಪ್ರಮಾಣಕ್ಕೂ ಮಟ್ಟಕ್ಕೂ ನೇರ ಲೆಕ್ಕವಿದೆ. 900 ಮಿಗ್ರಾಂಗೆ 0.5 ಬಂದರೆ 1200ಕ್ಕೆ ಸುಮಾರು 0.67 ಬರುತ್ತದೆ. ಲೆಕ್ಕಕ್ಕೆ ಹೊಂದದ ಅಂಕಿ ಬಂದರೆ ಮಾತ್ರೆ ತಪ್ಪುತ್ತಿದೆ, ಅಥವಾ ಸಮಯ ತಪ್ಪಿದೆ, ಅಥವಾ ಬೇರೆ ಯಾವುದೋ ಔಷಧ ಒಳಗೆ ಸೇರಿದೆ.

ಈ ಬೇರೆ ಔಷಧದ ವಿಷಯ ನಿಜಕ್ಕೂ ಹುಷಾರಾಗಿರಬೇಕಾದದ್ದು. ಮೂತ್ರಪಿಂಡ ಲಿಥಿಯಂ ಅನ್ನು ಸೋಡಿಯಂನಂತೆಯೇ ನೋಡುತ್ತದೆ. ದೇಹದಲ್ಲಿ ಉಪ್ಪು, ನೀರು ಕಡಿಮೆಯಾದರೆ ಮೂತ್ರಪಿಂಡ ಸೋಡಿಯಂ ಅನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ಜೊತೆಗೆ ಲಿಥಿಯಂ ಕೂಡ ಒಳಗೇ ಉಳಿಯುತ್ತದೆ. ಹಾಗಾಗಿ ವಾಂತಿ ಭೇದಿ, ಜ್ವರ, ರಾಯಚೂರು ಕಲಬುರಗಿಯ ಬೇಸಿಗೆಯಲ್ಲಿ ಹೊಲದ ಕೆಲಸ, ನೀರು ಸಹ ಮುಟ್ಟದ ಉಪವಾಸ, ಬಿಪಿ ಬಂತೆಂದು ಒಮ್ಮೆಗೇ ಉಪ್ಪು ಬಿಡುವುದು, ಇವೆಲ್ಲ ಮಟ್ಟ ಏರಿಸುತ್ತವೆ. ಉಪ್ಪು ಜಾಸ್ತಿ ತಿನ್ನಬೇಕಿಲ್ಲ, ದಿನಾ ತಿನ್ನುವಷ್ಟನ್ನು ತಿನ್ನುತ್ತಿರಬೇಕು. ದಿನಕ್ಕೆ ಐದಾರು ಲೋಟ ಕಾಫಿ ಕುಡಿಯುವವರು ಏಕಾಏಕಿ ಬಿಟ್ಟರೂ ಮಟ್ಟ ಏರುತ್ತದೆ, ಕೆಫೀನ್ ಲಿಥಿಯಂ ಅನ್ನು ಹೊರಗೆ ತಳ್ಳುತ್ತಿರುತ್ತದೆ. ರಂಜಾನ್ ಉಪವಾಸ ಮಾಡುವವರಿಗೆ ತಿಂಗಳು ಮುಂಚೆಯೇ ಮಟ್ಟ, ಕ್ರಿಯಾಟಿನಿನ್ ನೋಡಿ, ಮಾತ್ರೆಯನ್ನು ಇಫ್ತಾರ್ ನಂತರ ಒಂದೇ ಹೊತ್ತಿಗೆ ತಂದು, ನಡುವೆ ಒಮ್ಮೆ ಮಟ್ಟ ನೋಡುತ್ತೇನೆ.

ಔಷಧಗಳಲ್ಲಿ ಮೂರು ಗುಂಪು. ನೋವಿಗೆ ಮೆಡಿಕಲ್ ಶಾಪಿನಲ್ಲೇ ಕೇಳಿ ತರುವ ಡೈಕ್ಲೊಫೆನಾಕ್, ಐಬುಪ್ರೊಫೆನ್. ಬಿಪಿಗೆ ಕೊಡುವ ಎನಾಲಪ್ರಿಲ್, ರಾಮಿಪ್ರಿಲ್, ಟೆಲ್ಮಿಸಾರ್ಟನ್ ಜಾತಿಯವು. ಮೂತ್ರ ಹೆಚ್ಚಿಸುವ ಹೈಡ್ರೊಕ್ಲೋರೊಥಯಜೈಡ್, ಕ್ಲೋರ್ಥಾಲಿಡೋನ್. ಟೆಲ್ಮಿಸಾರ್ಟನ್ ಮತ್ತು ಥಯಜೈಡ್ ಎರಡೂ ಸೇರಿಸಿದ ಒಂದೇ ಮಾತ್ರೆ ಸಿಗುತ್ತದೆ, ಹೆಸರಿನ ಕೊನೆಯಲ್ಲಿ ಸಣ್ಣದೊಂದು ಎಚ್ ಇರುತ್ತದೆ ಅಷ್ಟೇ. ಅದನ್ನು ಶುರು ಮಾಡಿದ ಮೂರು ವಾರಕ್ಕೆ 0.7 ಇದ್ದ ಮಟ್ಟ 1.4 ಆಗಿರಬಹುದು. ನೋವಿಗೆ ಪ್ಯಾರಾಸಿಟಮಾಲ್, ಬಿಪಿಗೆ ಆಮ್ಲೊಡಿಪಿನ್ ಆದರೆ ಈ ತೊಂದರೆಯಿಲ್ಲ. ಇದನ್ನು ಒಂದು ಸಣ್ಣ ಕಾರ್ಡಿನಲ್ಲಿ ಬರೆದು ಪರ್ಸಿನಲ್ಲಿ ಇಡಿಸುತ್ತೇನೆ, ಬೇರೆ ಡಾಕ್ಟರ ಹತ್ತಿರ ಹೋದಾಗ ತೋರಿಸಲಿ ಎಂದು.

ಬೆರಳ ತುದಿಯ ಸಣ್ಣ ನಡುಕ, ಬಾಯಾರಿಕೆ ಹಲವರಿಗೆ ಇರುತ್ತವೆ. ನಡುಕ ಬರೆಯಲು ಅಡ್ಡಿಯಾದರೆ ಪ್ರೊಪ್ರಾನೊಲಾಲ್ 10ರಿಂದ 20 ಮಿಗ್ರಾಂ, ಆದರೆ ಉಬ್ಬಸ ಇರುವವರಿಗೆ ಬೇಡ. ವಿಷವೇರಿಕೆಯ ನಡುಕ ಬೇರೆ. ಕೈ ದೊಡ್ಡದಾಗಿ ಅಲುಗುತ್ತದೆ, ಲೋಟ ಚೆಲ್ಲುತ್ತದೆ, ಮಾತು ತೊದಲುತ್ತದೆ, "ಕುಡಿದವರ ಹಾಗೆ ತೂರಾಡ್ತಾರೆ" ಎಂದು ಮನೆಯವರು ಹೇಳುತ್ತಾರೆ. ಆ ಮಾತು ಫೋನಿನಲ್ಲಿ ಕೇಳಿದರೆ ಲಿಥಿಯಂ ನಿಲ್ಲಿಸಿ ಅವತ್ತೇ ಆಸ್ಪತ್ರೆಗೆ ಕರೆತರಲು ಹೇಳಬೇಕು. ವಯಸ್ಸಾದವರಲ್ಲಿ ಮಟ್ಟ 1.5 ಮುಟ್ಟುವ ಮುಂಚೆಯೇ ಇದು ಆಗಬಹುದು, ಅಂಕಿ ಸಣ್ಣದೆಂದು ಮನೆಗೆ ಕಳಿಸಬಾರದು. ಸಲೈನ್ ಕೊಡಬೇಕು, ಮಟ್ಟ ಮತ್ತು ಕ್ರಿಯಾಟಿನಿನ್ ಮತ್ತೆ ಮತ್ತೆ ನೋಡಬೇಕು. ಇದ್ದಿಲು ಕುಡಿಸಿ ಪ್ರಯೋಜನವಿಲ್ಲ, ಅದಕ್ಕೆ ಲಿಥಿಯಂ ಅಂಟುವುದಿಲ್ಲ. ಪ್ರಜ್ಞೆ ಮಂಕಾದರೆ, ಫಿಟ್ಸ್ ಬಂದರೆ ಮಟ್ಟ ಎಷ್ಟೇ ಇರಲಿ ಡಯಾಲಿಸಿಸ್. ಡಯಾಲಿಸಿಸ್ ಮುಗಿದ ಮೇಲೆ ಜೀವಕೋಶಗಳೊಳಗಿನ ಲಿಥಿಯಂ ಮತ್ತೆ ರಕ್ತಕ್ಕೆ ಬರುವುದರಿಂದ ಆರು ಗಂಟೆ ಬಿಟ್ಟು ಇನ್ನೊಮ್ಮೆ ನೋಡಲೇಬೇಕು.

ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಮಟ್ಟ, ಆಮೇಲೆ ಆರು ತಿಂಗಳಿಗೊಮ್ಮೆ. ಟಿಎಸ್ಎಚ್, ಕ್ಯಾಲ್ಸಿಯಂ, ಕ್ರಿಯಾಟಿನಿನ್ ಆರು ತಿಂಗಳಿಗೊಮ್ಮೆ. ಥೈರಾಯ್ಡ್ ಕಡಿಮೆಯಾದರೆ ಥೈರಾಕ್ಸಿನ್ ಸೇರಿಸಿದರೆ ಆಯಿತು, ಅಷ್ಟಕ್ಕೇ ಲಿಥಿಯಂ ಬಿಡಿಸಬಾರದು. ಇಜಿಎಫ್ಆರ್ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದ್ದರೆ ಮೂತ್ರಪಿಂಡದ ವೈದ್ಯರ ಜೊತೆ ಕೂತು ಯೋಚಿಸಬೇಕು. ಬಿಡಿಸಬೇಕಾಗಿ ಬಂದರೂ ಕನಿಷ್ಠ ಒಂದು ತಿಂಗಳು, ಸಾಧ್ಯವಾದರೆ ಮೂರು ತಿಂಗಳಲ್ಲಿ ಇಳಿಸಬೇಕು. ಒಮ್ಮೆಗೇ ಬಿಟ್ಟರೆ ಮೇನಿಯಾ ಬೇಗ, ಮೊದಲಿಗಿಂತ ಜೋರಾಗಿ ಮರಳುತ್ತದೆ. ಒಂದು ದಿನ ಮರೆತರೆ ಮರುದಿನ ಎರಡರಷ್ಟು ನುಂಗಬಾರದು ಎಂದು ಪ್ರತಿ ಸಲವೂ ಹೇಳುತ್ತೇನೆ.

ಬೈಪೋಲಾರ್‌ನ ಮತ್ತೊಂದು ಔಷಧ ಲ್ಯಾಮೊಟ್ರಿಜಿನ್ ಖಿನ್ನತೆಯ ಸರದಿಗಳೇ ಹೆಚ್ಚಿರುವವರಿಗೆ ಒಳ್ಳೆಯದು, ಅವಸರ ಮಾತ್ರ ಮಾಡಬಾರದು. 25 ಮಿಗ್ರಾಂ ಎರಡು ವಾರ, 50 ಎರಡು ವಾರ, ಆಮೇಲೆ 100, ಮುಂದೆ 200. ಜೊತೆಗೆ ವಾಲ್ಪ್ರೊಯೇಟ್ ಇದ್ದರೆ ಎಲ್ಲವೂ ಅರ್ಧ, ಶುರು ದಿನ ಬಿಟ್ಟು ದಿನ 25. ಬೇಗ ಏರಿಸಿದರೆ ಚರ್ಮ ಸುಲಿಯುವಂಥ ಗುಳ್ಳೆ ಬಂದು ಜೀವಕ್ಕೇ ಅಪಾಯ. ಮೈಮೇಲೆ ಏನೇ ಕೆಂಪಾದರೂ ಮಾತ್ರೆ ನಿಲ್ಲಿಸಿ ಬನ್ನಿ ಎಂದು ಹೇಳಿರುತ್ತೇನೆ. ಊರಿಗೆ ಹೋಗಿ ಐದು ದಿನಕ್ಕಿಂತ ಹೆಚ್ಚು ಬಿಟ್ಟು ಬಂದವರು ಮತ್ತೆ 25ರಿಂದಲೇ ಶುರು ಮಾಡಬೇಕು. ಇದನ್ನು ಮೊದಲೇ ಹೇಳದಿದ್ದರೆ ಅವರು ನೇರ 200 ನುಂಗಿರುತ್ತಾರೆ.

ಬರೀ ಖಿನ್ನತೆ ಎಂದು ಹಾಳೆ ಹೇಳಿದರೆ ಕೆಲಸ ಸುಲಭ. ಸರ್ಟ್ರಾಲಿನ್ 25ರಿಂದ 50, ಅಥವಾ ಎಸಿಟಾಲೊಪ್ರಾಮ್ 5ರಿಂದ 10. ಮೊದಲ ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಇರುತ್ತವೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಇದನ್ನು ಹೇಳದೆ ಕಳಿಸಿದರೆ ಐದನೇ ದಿನವೇ ಮಾತ್ರೆ ನಿಂತಿರುತ್ತದೆ. ವಯಸ್ಸಾದವರಿಗೆ ಎರಡು ವಾರಕ್ಕೆ ಸೋಡಿಯಂ ನೋಡಿ. ಪೂರ್ತಿ ಗುಣವಾದ ಮೇಲೂ ಆರರಿಂದ ಒಂಬತ್ತು ತಿಂಗಳು ಮುಂದುವರಿಸಬೇಕು. ಬಿಡುವಾಗ ನಿಧಾನವಾಗಿ, ಇಲ್ಲದಿದ್ದರೆ ತಲೆಯಲ್ಲಿ ಕರೆಂಟ್ ಹೊಡೆದ ಹಾಗೆ ಆಗುತ್ತದೆ. ಅದನ್ನು ಚಟ ಎಂದು ತಿಳಿದು ಹೆದರುವವರಿದ್ದಾರೆ.

ಊಟ ನೀರು ಬಿಟ್ಟು ಮಲಗಿದವರಿಗೆ, ಜೀವಕ್ಕೆ ಅಪಾಯವಿರುವ ಖಿನ್ನತೆಗೆ ಇಸಿಟಿ, ಅಂದರೆ ತಲೆಗೆ ಸಣ್ಣ ಪ್ರಮಾಣದ ಕರೆಂಟ್ ಕೊಡುವ ಚಿಕಿತ್ಸೆ. ಸಿನಿಮಾ ನೋಡಿ ಹೆದರಿದ ಮನೆಯವರಿಗೆ ವಿವರಿಸಲು ಅರ್ಧ ಗಂಟೆ ಕೊಡಿ. ಅರಿವಳಿಕೆ, ಸ್ನಾಯು ಸಡಿಲಿಸುವ ಔಷಧ ಇಲ್ಲದೆ ಇಸಿಟಿ ಕೊಡುವುದನ್ನು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ನಿಷೇಧಿಸಿದೆ. ವಾರಕ್ಕೆ ಎರಡು ಮೂರರಂತೆ ಸಾಮಾನ್ಯವಾಗಿ ಆರರಿಂದ ಹನ್ನೆರಡು ಸಲ. ಆ ದಿನಗಳ ಆಸುಪಾಸಿನ ನೆನಪು ಮಸುಕಾಗುವುದುಂಟು, ಅದನ್ನು ಮುಚ್ಚಿಡಬಾರದು. ಲಿಥಿಯಂ ತೆಗೆದುಕೊಳ್ಳುತ್ತಿದ್ದರೆ ಹಿಂದಿನ ರಾತ್ರಿಯ ಮಾತ್ರೆ ತಡೆಹಿಡಿಯುತ್ತೇನೆ, ಗೊಂದಲ ಕಡಿಮೆ.

ಸಾಯುವ ಯೋಚನೆಯನ್ನು ನೇರವಾಗಿ ಕೇಳಬೇಕು. "ಇದಕ್ಕಿಂತ ಸತ್ತುಹೋಗೋದೇ ಮೇಲು ಅನ್ಸುತ್ತಾ? ಅದಕ್ಕೆ ಏನಾದರೂ ಮಾಡ್ಕೊಬೇಕು ಅಂತ ಯೋಚನೆ ಬಂದಿದ್ಯಾ?" ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ, ಹೆಚ್ಚಿನವರು ಯಾರಾದರೂ ಕೇಳಿದರಲ್ಲ ಎಂದು ಉಸಿರು ಬಿಡುತ್ತಾರೆ. ಹೌದು ಎಂದರೆ ಅವತ್ತೇ ಮನೆಯವರೊಂದಿಗೆ ಮಾತು. ರೈತರ ಮನೆಯಾದರೆ ಕೀಟನಾಶಕ, ಕಳೆನಾಶಕ ಬೇರೆಯವರ ಮನೆಗೆ ಹೋಗಬೇಕು, ಮಾತ್ರೆಗಳು ಒಬ್ಬರ ಕೈಯಲ್ಲಿ ಬೀಗದೊಳಗೆ, ಒಮ್ಮೆಗೆ ಒಂದು ವಾರದ ಮಾತ್ರೆ ಮಾತ್ರ, ರಾತ್ರಿ ಜೊತೆಗೆ ಒಬ್ಬರು. ಆಸ್ಪತ್ರೆಯಿಂದ ಬಿಡುಗಡೆಯಾದ ಮೊದಲ ವಾರಗಳು, ಮತ್ತು ಮೈಯಲ್ಲಿ ಶಕ್ತಿ ಬಂದು ಮನಸ್ಸು ಇನ್ನೂ ತಿಳಿಯಾಗದ ದಿನಗಳು ಹೆಚ್ಚು ಜೋಪಾನದವು. ಟೆಲಿ ಮನಸ್ ಸಹಾಯವಾಣಿ 14416 ಹಗಲು ರಾತ್ರಿ ಇದೆ, ಕನ್ನಡದಲ್ಲೇ ಮಾತಾಡಬಹುದು. ಆ ಸಂಖ್ಯೆಯನ್ನು ಕೋಣೆಯಲ್ಲೇ ಅವರ ಫೋನಿಗೆ ಹಾಕಿಸಿ ಕಳಿಸುತ್ತೇನೆ.

ಮೇನಿಯಾಕ್ಕೆ ತಯಾರಿ ಮಾಡುವುದು ಮೇನಿಯಾ ಇಲ್ಲದಿರುವಾಗ. ಗುಣವಾಗಿ ಎರಡು ತಿಂಗಳಾದ ಮೇಲೆ ಗಂಡ ಹೆಂಡತಿಯನ್ನೋ ಅಮ್ಮ ಮಗನನ್ನೋ ಒಟ್ಟಿಗೆ ಕೂರಿಸಿ, ಮೊದಲ ಮೂರು ದಿನದಲ್ಲಿ ಏನೇನು ಬದಲಾಗುತ್ತದೆ ಎಂದು ಅವರದೇ ಮಾತಿನಲ್ಲಿ ಬರೆಸುತ್ತೇನೆ. ಅಡುಗೆಯ ಖಾರ ಜಾಸ್ತಿಯಾಗುವುದು, ಸ್ಟೇಟಸ್ ಹತ್ತು ಸಲ ಬದಲಾಗುವುದು, ಹಳೆಯ ಗೆಳೆಯರಿಗೆ ರಾತ್ರಿ ಫೋನ್. ಪ್ರತಿಯೊಬ್ಬರದೂ ಬೇರೆ, ಆದರೆ ಒಬ್ಬರಲ್ಲಿ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಕ್ರಮ. ಸತತ ಎರಡು ರಾತ್ರಿ ಐದು ಗಂಟೆಗಿಂತ ಕಡಿಮೆ ನಿದ್ದೆಯಾದರೆ ಮೂರನೇ ದಿನ ಫೋನ್ ಮಾಡಬೇಕು. ಆಗ ಯುಪಿಐ ಮಿತಿ ಸಾವಿರಕ್ಕೆ ಇಳಿಯುತ್ತದೆ, ಬೈಕ್ ಕೀ, ಜಮೀನಿನ ಪತ್ರ, ಚೆಕ್ ಪುಸ್ತಕ ಯಾರ ಕೈಗೆ ಎಂದು ಮೊದಲೇ ಒಪ್ಪಿಕೊಂಡಿರುತ್ತಾರೆ. ಒಪ್ಪಿಕೊಂಡವರು ರೋಗಿಯೇ, ಕೆಳಗೆ ಅವರದೇ ಸಹಿ. ಅದೇ 2017ರ ಕಾಯಿದೆಯ ಪ್ರಕಾರ ಮುಂಗಡ ನಿರ್ದೇಶನ (ಮುಂದೆ ಕಾಯಿಲೆಯಾದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಎಂಬ ಬರಹ) ಬರೆದಿಡಬಹುದು, ತಮ್ಮ ಪರವಾಗಿ ಮಾತಾಡಲು ಒಬ್ಬರನ್ನು ನೇಮಿಸಬಹುದು. ಒಪ್ಪದವರನ್ನು ದಾಖಲು ಮಾಡಬೇಕಾದಾಗ 89ನೇ ಕಲಂ ಪ್ರಕಾರ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿರಬೇಕು, ಅವರಲ್ಲಿ ಒಬ್ಬರು ಮನೋವೈದ್ಯರು. ಅವಧಿ 30 ದಿನ. ಕಾಯಿದೆಯಡಿಯ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ಏಳು ದಿನದೊಳಗೆ, ಹೆಂಗಸರು ಮತ್ತು ಮಕ್ಕಳಾದರೆ ಮೂರು ದಿನದೊಳಗೆ ತಿಳಿಸಬೇಕು.

ನಿದ್ದೆ ಕೆಡಿಸುವ ಯಾವುದೂ ಬೈಪೋಲಾರ್ ಇರುವವರಿಗೆ ಸಣ್ಣದಲ್ಲ. ಶಿವರಾತ್ರಿಯ ಜಾಗರಣೆ, ಮದುವೆ ಮನೆಯ ಎರಡು ರಾತ್ರಿ, ರಾತ್ರಿ ಬಸ್ಸಿನ ಪ್ರಯಾಣ, ಬೆಂಗಳೂರಿನ ಕಂಪನಿಗಳ ನೈಟ್ ಶಿಫ್ಟ್. ಶಿಫ್ಟ್ ಬದಲಿಸಿಕೊಡಲು ಕಾಯಿಲೆಯ ಹೆಸರು ಹಾಕದೆ ಪತ್ರ ಬರೆದುಕೊಡುತ್ತೇನೆ, "ರಾತ್ರಿ ಪಾಳಿ ವೈದ್ಯಕೀಯ ಕಾರಣಕ್ಕೆ ಸೂಕ್ತವಲ್ಲ" ಎಂಬಷ್ಟು ಸಾಕು.

ನಿಮ್ಹಾನ್ಸ್ ನಡೆಸಿದ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ ಬೈಪೋಲಾರ್ ಇರುವವರಲ್ಲಿ ಸುಮಾರು 70 ಶೇಕಡಾ ಜನ ಚಿಕಿತ್ಸೆಯ ಹೊರಗೇ ಇದ್ದರು. ಚಿಕಿತ್ಸೆಗೆ ಬಂದವರೂ ಊರು ಬದಲಿಸುತ್ತಾರೆ, ಡಾಕ್ಟರನ್ನು ಬದಲಿಸುತ್ತಾರೆ, ಪ್ರತಿ ಸಲ ಕಥೆ ಮೊದಲಿನಿಂದ ಶುರುವಾಗುತ್ತದೆ. ಅದಕ್ಕೇ ಮೊದಲ ದಿನ ಎಳೆದ ಹಾಳೆಯನ್ನು ಪ್ರತಿ ಭೇಟಿಯಲ್ಲೂ ತೆಗೆದು ಅದೇ ಗೆರೆಯನ್ನು ಮುಂದುವರಿಸುತ್ತೇನೆ. ಒಂದು ಪ್ರತಿ ಅವರ ಬಳಿ ಇರುತ್ತದೆ, ಫೋನಿನಲ್ಲಿ ಫೋಟೋ ಇರುತ್ತದೆ. ಹಿಂಬದಿಯಲ್ಲಿ ಈಗಿನ ಮಾತ್ರೆ ಮತ್ತು ಪ್ರಮಾಣ, ಕೊನೆಯ ಲಿಥಿಯಂ ಮಟ್ಟ, ಮಾತ್ರೆ ನುಂಗಿದ ಮತ್ತು ರಕ್ತ ಕೊಟ್ಟ ಸಮಯ, ಕ್ರಿಯಾಟಿನಿನ್, ಟಿಎಸ್ಎಚ್, ಹಿಂದೆ ಯಾವ ಔಷಧಕ್ಕೆ ಮೇನಿಯಾ ಎದ್ದಿತು ಎಂಬ ಒಂದು ಸಾಲು, ಮುಂದಿನ ಪರೀಕ್ಷೆಯ ತಿಂಗಳು.